ಕೊಡಗಿನ ಕಾಡಿನಲ್ಲಿ ಅರಣ್ಯ ವಿದ್ಯಾರ್ಥಿಗಳ ಕ್ಷೇತ್ರಕಾರ್ಯ: ಸುರಕ್ಷತಾ ನಿಯಮಗಳಲ್ಲಿ ಏನೇನು ಇರಬೇಕು?

ನೇರಳೆಮರ:
ಅರಣ್ಯಶಾಸ್ತ್ರ ಪದವಿ ವಿದ್ಯಾರ್ಥಿಗಳಿಗೆ ಸುರಕ್ಷತಾ ನಿಯಮಗಳನ್ನು ಹೊಸದಾಗಿ ಬರೆಯುತ್ತಿದ್ದೇವೆ. ಒಂದು ತಂಡದಲ್ಲಿ ಸುಮಾರು 40 ಮಂದಿ. ತಿತಿಮತಿ ಕಡೆ ತೇಗದ ನೆಡುತೋಪಿನಲ್ಲಿ ಮರದ ಅಳತೆ, ಮಾಕುಟ್ಟದ ಕಡೆ ಸಸ್ಯ ಸಮೀಕ್ಷೆ, ಕಾಫಿ ತೋಟಗಳಲ್ಲಿ ನೆರಳು ಮರಗಳ ಲೆಕ್ಕ. ಜೊತೆಗೆ ಗರಗಸದ ಶೆಡ್ಡು, ಒಣಗಿಸಿದ ಗಿಡಗಳ ಮಾದರಿ ಇಡುವ ಹರ್ಬೇರಿಯಂ ಕೊಠಡಿ. ಹೆಲ್ಮೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲ ಕಡೆಯೂ ಬರೆಯುವಂಥದ್ದು. ನಮ್ಮ ಊರಿನ ಕಾಡಿಗೆಂದೇ ಏನು ಸೇರಿಸಬೇಕು? ಬಲ್ಲವರು ಹೇಳಿ.

ಕಾಡುಹಾದಿ:
ಎಲ್ಲಕ್ಕಿಂತ ಮೊದಲು ಹೊರಡುವ ಚೀಟಿ ಬರೆದಿಡುವುದನ್ನು ಕಡ್ಡಾಯ ಮಾಡಿ. ಯಾರು ಯಾರು ಹೋಗುತ್ತಾರೆ, ಯಾವ ವಲಯ, ಯಾವ ಹಾದಿ, ಗಾಡಿ ನಂಬರು, ವಾಪಸಾಗುವ ಹೊತ್ತು. ಆಸ್ತಮಾ ಇದ್ದವರು, ಜೇನು ಕಚ್ಚಿದರೆ ಉಸಿರು ಕಟ್ಟುವವರು ಇದ್ದರೆ ಅದೂ ಇರಲಿ. ಚೀಟಿಯ ಒಂದು ನಕಲು ಕಾಲೇಜಿನಲ್ಲಿ ಒಬ್ಬರ ಕೈಯಲ್ಲಿರಬೇಕು, ಆ ಒಬ್ಬರ ಹೆಸರು ಚೀಟಿಯಲ್ಲೇ ಇರಬೇಕು. ಹೇಳಿದ ಹೊತ್ತು ದಾಟಿ ಅರ್ಧ ಗಂಟೆಯಾದರೂ ಸುದ್ದಿ ಬರದಿದ್ದರೆ ಅವರು ವಲಯ ಅರಣ್ಯ ಕಚೇರಿಗೆ ಫೋನ್ ಮಾಡಲೇಬೇಕು. ‘ಇನ್ನು ಸ್ವಲ್ಪ ನೋಡೋಣ’ ಅನ್ನುತ್ತಾ ಕೂತರೆ ಕತ್ತಲಾಗುತ್ತದೆ, ಕತ್ತಲಾದ ಮೇಲೆ ಕಾಡಿನಲ್ಲಿ ಹುಡುಕುವುದು ಹುಡುಕುವವರಿಗೂ ಅಪಾಯ. ಮಾಕುಟ್ಟ ಘಾಟಿಯಲ್ಲಿ ಬಹಳ ಕಡೆ ಸಿಗ್ನಲ್ ಇರುವುದಿಲ್ಲ. ಸಿಗ್ನಲ್ ಸಿಗುವ ಕೊನೆಯ ಜಾಗ ಯಾವುದು ಎಂದು ಬರೆದು, ಒಳಗೆ ಹೋಗುವಾಗಲೂ ಹೊರಗೆ ಬಂದಾಗಲೂ ಅಲ್ಲಿಂದಲೇ ತಿಳಿಸಿ.

ಇನ್ನು ಆನೆ. ಹಿಂದಿನ ದಿನ ವಲಯ ಕಚೇರಿಯಲ್ಲಿ ಹಿಂಡು ಎಲ್ಲಿದೆ ಎಂದು ಕೇಳಿ. ಬಿಸಿಲೇರಿದ ಮೇಲೆ ಕಾಡಿಗೆ ಇಳಿಯಿರಿ, 4 ಗಂಟೆಗೆಲ್ಲ ಗಾಡಿಯಲ್ಲಿರಿ. ಬಿಸಿ ಆರದ ಲದ್ದಿ, ಈಗಷ್ಟೇ ಮುರಿದ ಬಿದಿರು ಅಥವಾ ಬೈನೆ ಕಂಡರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸಬೇಕು. ನಿಲ್ಲಿಸುವ ಅಧಿಕಾರ ಅಧ್ಯಾಪಕರಿಗಷ್ಟೇ ಅಲ್ಲ, ಕಾಡು ಕಾಯುವ ವಾಚರ್‌ಗೂ ಇರಲಿ. 40 ಜನ ಒಂದೇ ಗುಂಪಾಗಿ ನಡೆದರೆ ಮುಂದಿನವರು ಹೇಳಿದ್ದು ಹಿಂದಿನವರಿಗೆ ಕೇಳುವುದಿಲ್ಲ. ಹತ್ತರ ಗುಂಪು ಮಾಡಿ, ಪ್ರತಿ ಗುಂಪಿಗೆ ಜಾಗ ಬಲ್ಲ ಒಬ್ಬ ವಾಚರ್. ಅವರ ಕೈಗೆ ಟೇಪು, ಪುಸ್ತಕ ಏನನ್ನೂ ಕೊಡಬೇಡಿ. ಅಳೆಯುವವರ ಕಣ್ಣು ಮರದ ಮೇಲಿರುತ್ತದೆ, ಒಬ್ಬರ ಕಣ್ಣಾದರೂ ಕಾಡಿನ ಮೇಲಿರಬೇಕು. ಕಾಫಿ ತೋಟದಲ್ಲಿ ಗಿಡಗಳ ಮರೆಯಿಂದ ಹತ್ತು ಹೆಜ್ಜೆ ಆಚೆಯದೂ ಕಾಣದು. ಹಲಸು ಹಣ್ಣಾಗುವ ದಿನಗಳಲ್ಲಿ ಆನೆ ಹಗಲೂ ತೋಟದಲ್ಲೇ ಉಳಿಯುತ್ತದೆ. ನೆರಳು ಮರದ ಲೆಕ್ಕವನ್ನು ಆಗ ಇಟ್ಟುಕೊಳ್ಳಲೇಬೇಡಿ.

ದವಾಖಾನೆ_ಹಾದಿ:
ಹಾವಿನ ವಿಷಯದಲ್ಲಿ ಒಂದು ಮಾತು ಯಾರೂ ಬರೆಯುವುದಿಲ್ಲ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ತೋಟದ ತರಗೆಲೆಯ ಬಣ್ಣದಲ್ಲೇ ಬೆರೆತು ಮಲಗುವ ಹಂಪ್‌ನೋಸ್ಡ್ ಪಿಟ್ ವೈಪರ್‌ಗೆ ಅದು ಕೆಲಸ ಮಾಡುವುದಿಲ್ಲ, ಮತ್ತು ಆ ಕಡಿತದಿಂದ ಕೆಲವರಿಗೆ ಮೂತ್ರಪಿಂಡವೇ ಕೈಕೊಡುತ್ತದೆ. ಆದ್ದರಿಂದ ಡಯಾಲಿಸಿಸ್ ಇರುವ ಆಸ್ಪತ್ರೆ ಯಾವುದು ಎಂಬುದೂ ಚೀಟಿಯಲ್ಲಿರಲಿ. ಒಂದು ಮೀಟರ್ ಚೌಕ ಹಾಕಿ ಸಸಿ ಎಣಿಸುವಾಗ ಬರಿಗೈ ಹಾಕುವುದೇ ಅಪಾಯ. ಮೊದಲು ಉದ್ದ ಕೋಲಿನಿಂದ ತರಗೆಲೆ ಕೆದಕಬೇಕು. ಗಂಬೂಟು ಕಡ್ಡಾಯ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹಾವು ಹಿಡಿದು ತರಬೇಡಿ. ಉಂಗುರ, ವಾಚು ಬಿಚ್ಚಿಸಿ, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಮರದ ಪಟ್ಟಿ ಕೊಟ್ಟು, ನಡೆಸದೆ ಹೊತ್ತು ತನ್ನಿ. ಇದಕ್ಕೆ ಗಾಡಿಯಲ್ಲಿ ಒಂದು ಮಡಚುವ ಸ್ಟ್ರೆಚರ್ ಬೇಕು.

ಉಣುಗಿನ ಬಗ್ಗೆಯೂ ಬರೆಯಿರಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗೊತ್ತಾದದ್ದು, ಆದರೆ ನಮ್ಮ ಪಕ್ಕದ ವಯನಾಡಿಗೂ ಬಂದಿದೆ. ಡಿಸೆಂಬರಿನಿಂದ ಮೇ ತನಕ ಹೆಚ್ಚು ಎಚ್ಚರ ಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ, ಆರೋಗ್ಯ ಇಲಾಖೆಗೆ ತಿಳಿಸಿ. ಸಂಜೆ ಬಂದವರೇ ಬಿಸಿನೀರು ಸ್ನಾನ, ಬಟ್ಟೆ ಬೇರೆ ಒಗೆಯುವುದು. ಕಚ್ಚಿ ಕೂತ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ. ಎರಡು ವಾರದೊಳಗೆ ಜ್ವರ ಬಂದರೆ ‘ಕಾಡಿಗೆ ಹೋಗಿದ್ದೆ’ ಎಂದು ವೈದ್ಯರಿಗೆ ಹೇಳಲೇಬೇಕು. ಜಿಗಣೆ ಕಾಟ ಕೊಡುತ್ತದೆ ಅಷ್ಟೇ, ಉದ್ದ ಕಾಲುಚೀಲ ಸಾಕು.

ಬಳಂಜಿ:
ಶೆಡ್ಡಿನ ಕಡೆ ಬರೋಣ. ಚೈನ್‌ಸಾ (ಯಂತ್ರದ ಗರಗಸ) ಬಾರಿನ, ಅಂದರೆ ಚೈನ್ ಸುತ್ತುವ ಪಟ್ಟಿಯ, ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಚಿಮ್ಮಿ ಮುಖಕ್ಕೇ ಬರುತ್ತದೆ. ಚೈನ್ ಬ್ರೇಕ್ ಕೆಲಸ ಮಾಡುತ್ತದೆಯೇ ಎಂದು ದಿನಾ ಶುರುಮಾಡುವಾಗಲೇ ನೋಡಬೇಕು. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವುದು ನಿಷೇಧ. ಮರ ಬೀಳಿಸುವಾಗ 40 ಸೆಂ.ಮೀ. ಕಾಂಡಕ್ಕೆ ಮುಂದಿನ ಕಚ್ಚು ಸುಮಾರು 10 ಸೆಂ.ಮೀ., ಅದಕ್ಕೂ ಹಿಂದಿನ ಕೊಯ್ತಕ್ಕೂ ನಡುವೆ ಕೊಯ್ಯದೆ ಬಿಡುವ ಪಟ್ಟಿ 4 ಸೆಂ.ಮೀ. ಆ ಪಟ್ಟಿಯನ್ನೂ ಕೊಯ್ದುಬಿಟ್ಟರೆ ಮರ ಎತ್ತ ಬೇಕಾದರೂ ತಿರುಗುತ್ತದೆ. ನೋಡುವ ವಿದ್ಯಾರ್ಥಿಗಳು ಮರದ ಎತ್ತರದ ಎರಡರಷ್ಟು ದೂರದಲ್ಲಿರಬೇಕು.

ಸಿಸಿಎ (ಮರ ಕೆಡದಂತೆ ಹಾಕುವ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣ) ಹಾಕಿ ಸಂಸ್ಕರಿಸಿದ ಮರದ ತುಂಡುಗಳನ್ನು ಹಾಸ್ಟೆಲ್ ಒಲೆಗೆ ಹಾಕಲು ಬಿಡಬೇಡಿ. ಅದರಲ್ಲಿ ಆರ್ಸೆನಿಕ್ ಇದೆ, ಹೊಗೆಯಲ್ಲೂ ಬೂದಿಯಲ್ಲೂ ಬರುತ್ತದೆ. ಹರ್ಬೇರಿಯಂನಲ್ಲಿ ಹುಳು ಹಿಡಿಯದಿರಲಿ ಎಂದು ಮರ್ಕ್ಯುರಿಕ್ ಕ್ಲೋರೈಡ್ (ಪಾದರಸದ ವಿಷ) ಬಳಸುವುದಾದರೆ ಅದನ್ನು ಬಿಡಿ. ಒಣಗಿದ ಮಾದರಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿ ವಾರ ಇಟ್ಟರೆ ಹುಳುಗಳು ಸಾಯುತ್ತವೆ. ಆ ವಿಷ ಹಚ್ಚಿರಬಹುದಾದ ಹಳೆಯ ಹಾಳೆಗಳನ್ನು ಮುಟ್ಟುವಾಗ ಗ್ಲೌಸ್ ಬೇಕೇ ಬೇಕು.

ನೇರಳೆಮರ:
ಎಲ್ಲರಿಗೂ ಧನ್ಯವಾದ. ಇನ್ನೊಂದು: ಮರದ ಕೊಂಬೆ, ಎಲೆ ತೆಗೆಯಲು ತೋಟಗಳಲ್ಲಿರುವ ಅಲ್ಯೂಮಿನಿಯಂ ಏಣಿಯನ್ನೇ ಬಳಸಬಹುದೇ?

ಬಳಂಜಿ:
ಬೇಡ ಮೇಡಂ/ಸರ್. ಕರಿಮೆಣಸು ಕೊಯ್ಯುವಾಗ ಅದೇ ಏಣಿ ವಿದ್ಯುತ್ ತಂತಿಗೆ ತಾಗಿ ಹಲವರ ಜೀವ ಹೋಗಿದೆ. ನಿಲ್ಲಿಸಿದಾಗ ದೂರ ಇರುತ್ತದೆ, ಇನ್ನೊಂದು ಮರಕ್ಕೆ ನಿಂತಂತೆಯೇ ಸಾಗಿಸುವಾಗ ವಾಲಿ ತಂತಿಗೆ ತಾಗುತ್ತದೆ. ಮರದ ಎತ್ತರಕ್ಕೆ ನೆಲದಿಂದಲೇ ಕೋನ ನೋಡಿ ಅಳೆಯುವ ಕ್ಲೈನೋಮೀಟರ್ ಇದೆ, ಕೊಂಬೆಗೆ ಫೈಬರ್‌ಗ್ಲಾಸ್ ದೋಟಿ ತರಿಸಿ. ಬಿದಿರಿನ ದೋಟಿ ಮಳೆಯಲ್ಲಿ ನೆನೆದರೆ ಅದರಲ್ಲೂ ಕರೆಂಟು ಹರಿಯುತ್ತದೆ. ತಂತಿ ಹಾದ ಸಾಲಿನಲ್ಲಿ ಯಾವ ದೋಟಿಯೂ ಬೇಡ, ಆ ಸಾಲು ಬಿಟ್ಟು ಮಾದರಿ ತೆಗೆಯಿರಿ. ಕೊಂಬೆ ಬಿದ್ದು ತಂತಿ ಕಡಿದಿದ್ದರೆ ಎಲ್ಲರನ್ನೂ ದೂರ ನಿಲ್ಲಿಸಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ವಿದ್ಯುತ್ ಕಂಪನಿ ಸೆಸ್ಕ್‌ನವರು ಲೈನ್ ಆಫ್ ಆಗಿದೆ ಎನ್ನುವ ತನಕ ಯಾರೂ ಅತ್ತ ಹೋಗಬಾರದು.