15ನೇ ಹಣಕಾಸಿನ ದುಡ್ಡು: ಕಸದ ಗಾಡಿಯೋ, ಬೋರೋ? ಅನುಭವ ಇದ್ದವರು ಹೇಳಿ

ಹೊಸ ಅಧ್ಯಕ್ಷೆ: ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಾಮ ಪಂಚಾಯಿತಿಯ ಐದು ವರ್ಷದ ಎರಡನೇ ಅರ್ಧಕ್ಕೆ ಅಧ್ಯಕ್ಷೆಯಾಗಿ ಒಂದು ತಿಂಗಳಾಯಿತು. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದ ಒಂದು ಕಂತು ಬಂದಿದೆ. ಸದಸ್ಯರಲ್ಲಿ ಅರ್ಧ ಜನ ಕಸದ ಗಾಡಿ ಅಂತಾರೆ, ಅರ್ಧ ಜನ ಬೋರ್ ಅಂತಾರೆ. ಇದರ ಮಧ್ಯೆ ನಮ್ಮ ನೀರುಗಂಟಿಗೆ ಐದು ತಿಂಗಳ ಸಂಬಳ ಬಾಕಿ. ಇಂಥದ್ದಕ್ಕೇ ಅಂತ ಕಟ್ಟಿಹಾಕದ ಮುಕ್ತ ಅನುದಾನದಲ್ಲಿ ಅದನ್ನು ಕೊಡಬಹುದಾ? ಮಾಡಿ ಗೊತ್ತಿದ್ದವರು ಹೇಳಿ.

ಬಯಲುಸೀಮೆ ಮಾಜಿ: ಬೋರಿನ ವಿಷಯ ನನ್ನನ್ನು ಕೇಳಿ ಮೇಡಂ. 2021ರಲ್ಲಿ ಅಧ್ಯಕ್ಷನಾದಾಗ ಮೂರು ಪಾಯಿಂಟ್ ಮಾಡಿಸಿದೆ. ಮೊದಲನೆಯದು 640 ಅಡಿ, ಬರೀ ಧೂಳು. ಎರಡನೆಯದು 810 ಅಡಿ, ಒಂದೂವರೆ ಇಂಚು ನೀರು, ಅದೂ ಶಿವರಾತ್ರಿಗೆ ನಿಂತಿತು. ಮೂರನೆಯದರಲ್ಲಿ ಒಳ್ಳೆ ನೀರು ಬಂತು. ಊರವರೆಲ್ಲ ಸೇರಿ ಗಂಗೆ ಪೂಜೆ ಮಾಡಿದರು. ಆದರೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬರಲು ನಾಲ್ಕು ತಿಂಗಳು. ಕರೆಂಟ್ ಕೊಟ್ಟ ಹದಿನೆಂಟನೇ ದಿನ ಮೋಟಾರ್ ಸುಟ್ಟಿತು. ರಿವೈಂಡಿಂಗ್ 14,500, ಎತ್ತಿ ಇಳಿಸುವ ಕೂಲಿ 6,000. ಎತ್ತಿಟ್ಟ ರಾತ್ರಿ ಕೇಬಲ್ ಕಳ್ಳತನ. 92 ಮೀಟರ್! ಇವತ್ತಿಗೂ ಆ ಅಳತೆ ನನಗೆ ಬಾಯಿಪಾಠ. ಆದರೂ ನನ್ನ ಮಾತು ಬೋರೇ.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಬ್ಬ: ಗಾಡಿಯೋ ಬೋರೋ ಅನ್ನುವ ಪ್ರಶ್ನೆಯೇ ಇಲ್ಲ. 2020-21ರಲ್ಲಿ ನಿರ್ಬಂಧಿತ (ಹೇಳಿದ ಕೆಲಸಕ್ಕೇ ಬಳಸಬೇಕಾದದ್ದು), ಮುಕ್ತ ಅರ್ಧಕ್ಕರ್ಧ ಇತ್ತು. 2021-22ರಿಂದ 2025-26ರವರೆಗೆ ನಿರ್ಬಂಧಿತವೇ ನೂರಕ್ಕೆ 60. ಅದರಲ್ಲಿ 30 ನೈರ್ಮಲ್ಯಕ್ಕೆ, 30 ನೀರಿಗೆ. ಎರಡೂ ಬೇರೆ ಬೇರೆ ಜೇಬು. ಒಂದು ಕೆಲಸ ಪೂರ್ತಿ ಆಗಿದೆ, ಇನ್ನು ಬೇಡ ಅಂತ ಗ್ರಾಮಸಭೆ ಹೇಳಿದರೆ ಮಾತ್ರ ಆ ದುಡ್ಡು ಈ ಕಡೆ ಬರುತ್ತದೆ.

ಸಂಬಳಕ್ಕಂತೂ ಮುಕ್ತ ಅನುದಾನವನ್ನೂ ಮುಟ್ಟಬೇಡಿ. ನಾನು ಮುಟ್ಟಿದ್ದೆ. ಹಿಂದಿನ ಪಂಚಾಯಿತಿಯಲ್ಲಿ ಅಧ್ಯಕ್ಷರ ಮಾತು ಕೇಳಿ, ನೀರುಗಂಟಿಗೆ 'ಪೈಪ್‌ಲೈನ್ ದುರಸ್ತಿ ಕೂಲಿ' ಅಂತ ಬಿಲ್ ಮಾಡಿದೆ. ಆಡಿಟ್‌ನಲ್ಲಿ ಸಿಕ್ಕಿಬಿತ್ತು. ಎಂ.ಬಿ.ಯಲ್ಲಿ (ಕೆಲಸದ ಅಳತೆ ಪುಸ್ತಕದಲ್ಲಿ) ಬರೆದ ಉದ್ದದಷ್ಟು ಪೈಪೇ ಆ ಓಣಿಯಲ್ಲಿ ಇರಲಿಲ್ಲ. 38,400 ರೂಪಾಯಿ ನನ್ನ ಸಂಬಳದಲ್ಲಿ ಹಿಡಿದರು. ಅಷ್ಟೊತ್ತಿಗೆ ಅಧ್ಯಕ್ಷರು ಮಾಜಿ ಆಗಿದ್ದರು. ಫೋನ್ ಎತ್ತಲಿಲ್ಲ.

ಬಯಲುಸೀಮೆ ಮಾಜಿ: ಮಾಜಿಗಳಿಗೆಲ್ಲ ಸೇರಿಸಿ ಹೇಳಬೇಡಿ ಸಾರ್. ಇಲ್ಲದ ಪೈಪು ಬರೆದದ್ದು ಯಾರ ಕೈ?

ಕಸದ ಗಾಡಿ ಅಕ್ಕ: ನಾನು ಗಾಡಿ ತಗೊಂಡೆ, ಹೆಮ್ಮೆಯಿಂದ ಹೇಳುತ್ತೇನೆ. ಸಂಘದ ಇಬ್ಬರು ಹೆಣ್ಣುಮಕ್ಕಳು ಡ್ರೈವಿಂಗ್ ಕಲಿತರು. ಆದರೆ ಕಸ ಹಾಕಲು ಜಾಗ? ಗೋಮಾಳ ತೋರಿಸಿದರು. ಪಕ್ಕದ ಊರಿನವರು ಕಲ್ಲು ಅಡ್ಡ ಇಟ್ಟರು. 14 ತಿಂಗಳು ಗಾಡಿ ಶೆಡ್ಡಿನಲ್ಲೇ ನಿಂತಿತು. ಇನ್ಶೂರೆನ್ಸ್ ಮಾತ್ರ ತಪ್ಪದೆ ಕಟ್ಟಿದೆವು. ಒಂದು ದಿನ ಹಿಂದಿನ ಬಾಗಿಲು ತೆಗೆದರೆ ಕೋಳಿ ಕಾವು ಕೂತಿದೆ, ಕೆಳಗೆ ಒಂಬತ್ತು ಮೊಟ್ಟೆ! ಈಗ ಓಡುತ್ತಿದೆ. ಮನೆಗೆ 30 ರೂಪಾಯಿ. 412 ಮನೆಯಲ್ಲಿ 90 ಮನೆಯವರು ಕೊಡುತ್ತಾರೆ.

ಬಯಲುಸೀಮೆ ಮಾಜಿ: ಅಂದ್ರೆ 2,700 ರೂಪಾಯಿ. ಡೀಸೆಲ್‌ಗೆ ಸಾಕಾಗುತ್ತಾ ಅಕ್ಕ? ಗಾಡಿ ಬರೀ ಫೋಟೋಗೆ.

ಕಸದ ಗಾಡಿ ಅಕ್ಕ: ನಿಮ್ಮ ಧೂಳಿನ ಬೋರಿಗಿಂತ ವಾಸಿ.

ವಾರ್ಡ್ 3: ಎರಡೂ ಬಿಡಿ. ಮೊದಲು ಬಿಲ್‌ಗೆ ಡಿಜಿಟಲ್ ಸಹಿ ಹಾಕುವ ಡಾಂಗಲ್ ನಿಮ್ಮ ಕೈಯಲ್ಲಿದೆಯಾ ನೋಡಿಕೊಳ್ಳಿ. ನಮ್ಮಲ್ಲಿ ಅಧ್ಯಕ್ಷರದ್ದು ಪಿಡಿಒ ಡ್ರಾಯರ್‌ನಲ್ಲಿತ್ತು. ಒಬ್ಬರೇ ಕೂತು ಎರಡೂ ಸಹಿ ಹಾಕುತ್ತಿದ್ದರು. 42 ಬೀದಿದೀಪದ ಬಿಲ್ ಆಗಿದೆ ಅಂತ ಗೊತ್ತಾದದ್ದು ಹನ್ನೊಂದು ಕೆಟ್ಟ ಮೇಲೆ.

ಪಿಡಿಒ ಒಬ್ಬ: ಎಲ್ಲಾ ಪಿಡಿಒ ಹಾಗಲ್ಲ. ಈಗಿರುವ ಕಡೆ ಅಧ್ಯಕ್ಷೆಯ ಡಾಂಗಲ್ ಇರುವುದು ಅವರ ಯಜಮಾನರ ಜೇಬಿನಲ್ಲಿ. ಸಭೆಯಲ್ಲಿ ಕುರ್ಚಿಯೂ ಅವರದ್ದೇ.

ಕಸದ ಗಾಡಿ ಅಕ್ಕ: ಶುರುವಾಯಿತು ನೋಡಿ! ಕುರ್ಚಿ ಹಾಕಿಕೊಟ್ಟವರು ಯಾರು? ನೀವೇ ತಾನೇ? ಮೊದಲ ಸಭೆಯಲ್ಲೇ ನನ್ನ ಮನೆಯವರನ್ನು ನಾನು ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಟೀ ಮಾತ್ರ ಕೊಟ್ಟೆ.

ತಾಲ್ಲೂಕು ಪಂಚಾಯಿತಿ ಅನಾಥ: ನಿಮಗೆ ಜಗಳಾಡಲಿಕ್ಕಾದರೂ ದುಡ್ಡಿದೆ. ನಾನು 2016ರಲ್ಲಿ ಗೆದ್ದವನು. 14ನೇ ಹಣಕಾಸಿನಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಒಂದು ಪೈಸೆ ಇರಲಿಲ್ಲ, ಎಲ್ಲಾ ಗ್ರಾಮ ಪಂಚಾಯಿತಿಗೆ. 15ನೆಯದರಲ್ಲಿ ಮೂರೂ ಹಂತಕ್ಕೆ ಅಂದರು. ಆದರೆ ಆರಿಸಿ ಬಂದವರು ಇರಬೇಕು ಅನ್ನುವ ಷರತ್ತು. 2021ಕ್ಕೆ ನಮ್ಮ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ದುಡ್ಡಿಲ್ಲದಾಗ ನಾವಿದ್ದೆವು. ದುಡ್ಡು ಬರುವಾಗ ನಾವಿಲ್ಲ.

ವಾರ್ಡ್ 3: ಇದ್ದಾಗ ಏನು ಮಾಡಿದ್ರಿ ಸ್ವಾಮಿ, ನಮ್ಮೂರಿಗೆ ಒಂದು ಬಸ್ ಸ್ಟ್ಯಾಂಡ್ ಬೋರ್ಡು ಬಿಟ್ಟು?

ಹೊಸ ಅಧ್ಯಕ್ಷೆ: ಅಣ್ಣಂದಿರೇ, ಅಕ್ಕ, ನೀರುಗಂಟಿ ಬೆಳಿಗ್ಗೆಯಿಂದ ನಮ್ಮ ಮನೆ ಜಗಲಿ ಮೇಲೆ ಕೂತಿದ್ದಾನೆ. ಎಲ್ಲಿಂದ ಕೊಡಲಿ?

ಪಿಡಿಒ ಒಬ್ಬ: ಸ್ವಂತ ತೆರಿಗೆ ದುಡ್ಡಿನಿಂದ. ಮನೆ ಕಂದಾಯ, ನೀರಿನ ಬಾಕಿ ವಸೂಲಿ ಮಾಡಿ.

ಬಯಲುಸೀಮೆ ಮಾಜಿ: ವಸೂಲಿ ಮಾಡಿ ಮತ್ತೆ ಗೆದ್ದವರನ್ನು ಒಬ್ಬರನ್ನು ತೋರಿಸಿ.

ಕಸದ ಗಾಡಿ ಅಕ್ಕ: ನಾನೇ. ಮನೆಮನೆಗೆ ಹೋಗಿ ಬಾಕಿ ಕೇಳಿದ್ದೆ. 2020ರಲ್ಲಿ ಮತ್ತೆ ಗೆದ್ದೆ.

ಬಯಲುಸೀಮೆ ಮಾಜಿ: ಎಷ್ಟು ಓಟಲ್ಲಿ?

ಕಸದ ಗಾಡಿ ಅಕ್ಕ: ಏಳು. ನಿಮ್ಮದು?

ವಾರ್ಡ್ 3: ಮಾಜಿಗಳು ಆಫ್‌ಲೈನ್ ಹೋದರು.