ಸಮಸ್ಯೆ: ಬೆಂದ ಮರುದಿನವೆ ಮರ ಚಿಗುರಿ ನಿಂತಿತ್ತು

ಪದ್ಯಪ್ರಿಯರಿಗೆ ವಂದನೆಗಳು. ಈ ವಾರದ ಸಮಸ್ಯೆ (ಉಳಿದ ಸಾಲುಗಳನ್ನು ರಚಿಸಿ ‘ಪೂರಣ’ ಮಾಡಬೇಕಾದ ಸಾಲು) ಪಂಚಮಾತ್ರಾ ಚೌಪದಿಯ, ಎಂದರೆ ಐದೈದು ಮಾತ್ರೆಗಳ (ಉಚ್ಚಾರಣೆಯ ಕಾಲದಳತೆ) ಗಣಗಳಲ್ಲಿ ಸಾಗುವ ನಾಲ್ಕು ಸಾಲಿನ ಪದ್ಯದ, ಕೊನೆಯ ಪಾದ; ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ) ತಪ್ಪುವಂತಿಲ್ಲ.

ಅಸಂಭವವೆನಿಸುವ ಈ ಮಾತಿಗೆ ಆಧಾರ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಆಲಿವ್ ಮರ. ನಗರ ಯಾರಿಗೆ ಸಲ್ಲಬೇಕೆಂಬ ಸ್ಪರ್ಧೆಯಲ್ಲಿ ಕಡಲ ದೇವರು ಪೊಸೈಡನ್ ಉಪ್ಪುನೀರಿನ ಬುಗ್ಗೆಯನ್ನೂ ಅಥೀನಾ ದೇವಿ ಈ ಮರವನ್ನೂ ಕೊಟ್ಟರೆಂಬುದು ಐತಿಹ್ಯ. ಕ್ರಿ.ಪೂ. 480ರಲ್ಲಿ ಪರ್ಷಿಯದ ದೊರೆ ಕ್ಸೆರ್ಕ್ಸಿಸನ ಸೇನೆ ಗುಡಿಗೆ ಬೆಂಕಿಯಿಟ್ಟಾಗ ಮರವೂ ಸುಟ್ಟಿತು; ಮರುದಿನ ಅವನದೇ ಅಪ್ಪಣೆಯಂತೆ ಬಲಿಯರ್ಪಿಸಲು ಮೇಲೇರಿದ ಅಥೆನ್ಸಿನವರು ಬೊಡ್ಡೆಯಿಂದ ಸುಮಾರು ಒಂದು ಮೊಳದ ಚಿಗುರು ಹೊರಟಿದ್ದನ್ನು ಕಂಡರೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಆರು ಶತಮಾನಗಳ ಬಳಿಕ ಬಂದ ಪ್ರವಾಸಿ ಲೇಖಕ ಪೌಸೇನಿಯಸ್ಸನಲ್ಲಿ ಅದು ಸುಟ್ಟ ದಿನವೇ ಎರಡು ಮೊಳ ಬೆಳೆದಿರುತ್ತದೆ. (ಕಥೆಯೊಳಗೂ ಗೊಬ್ಬರವಿರಬೇಕು!) ಇದರ ಸಂತತಿಯೆಂದು ಎಣಿಸಿದ ಮರಗಳ ಎಣ್ಣೆಯನ್ನೇ ಅಥೀನಾ ಹಬ್ಬದ ಪ್ಯಾನಥೆನಾಯಿಕ್ ಕ್ರೀಡೆಗಳಲ್ಲಿ ಗೆದ್ದವರಿಗೆ ಚಿತ್ರ ಬರೆದ ಕೊಡಗಳಲ್ಲಿ ತುಂಬಿ ಕೊಡುತ್ತಿದ್ದರು.

ನನ್ನ ಪೂರಣ:

ಬಂದು ಪಾರಸಿಕಪಡೆ ಗುಡಿಗೆ ಕಿಚ್ಚಿಟ್ಟಂದು
ಕಂದಿತೈ ದೇವಿಯೇ ನೆಟ್ಟ ಮರ ಸುಟ್ಟು
ಸಂದ ವರವಳಿಯದೆನೆ ಮೊಳದುದ್ದ ಕುಡಿಯೊಡೆದು
ಬೆಂದ ಮರುದಿನವೆ ಮರ ಚಿಗುರಿ ನಿಂತಿತ್ತು

‘ಪಾರಸೀಕ’ವೆಂದರೆ ಮಾತ್ರೆ ಹೆಚ್ಚುವುದರಿಂದ ಹ್ರಸ್ವರೂಪವನ್ನು ಹಿಡಿದಿದ್ದೇನೆ.

ಪ್ರತಿಕ್ರಿಯೆ:

ಮಾನ್ಯರೇ, ಪೂರಣ ಸೊಗಸಾಗಿದೆ. ‘ಆಲಿವ್’ ಪದವನ್ನು ಛಂದಸ್ಸಿಗೆ ತುರುಕದೆ ‘ಮರ’ ಎಂದೇ ಬಿಟ್ಟದ್ದು ಒಳ್ಳೆಯದಾಯಿತು. ಆದರೆ ಸಮಸ್ಯೆಯನ್ನು ವರದಿಂದ ಬಿಡಿಸುವುದು ಸುಲಭದ ದಾರಿಯಲ್ಲವೇ? ಆಲಿವ್ ಮರದ ಬುಡದ ಗಂಟುಗಳಲ್ಲಿ ಸುಪ್ತ ಮೊಗ್ಗುಗಳಿರುತ್ತವೆ. ಮೇಲಿನ ಕಾಂಡ ಸುಟ್ಟರೂ ಬೇರು ಉಳಿದರೆ ಅವು ಒಡೆಯುತ್ತವೆ. ಹಾಗಾಗಿ ದೇವಿಯನ್ನು ಬಿಟ್ಟು ಯತ್ನಿಸಿದ್ದೇನೆ:

ಎಂದೊ ಬುಡದೊಳು ಮಲಗಿ ಕಾದಿದ್ದ ಕಣ್ಣುಗಳು
ಬೆಂದೊಡಲ ಬೇಗೆಗೇ ಕಣ್ದೆರೆದವಲ್ತೆ
ಕಂದುಬೂದಿಯ ಸೀಳಿ ಬೆಳ್ಳಿಯೆಲೆಗಳ ಮುಡಿದು
ಬೆಂದ ಮರುದಿನವೆ ಮರ ಚಿಗುರಿ ನಿಂತಿತ್ತು

ಉತ್ತರ:

ಕಬ್ಬಿನ ಗೆಣ್ಣಿನ ಮೊಗ್ಗಿಗೆ ನಾವು ಹೇಳುವ ‘ಕಣ್ಣು’ ಇಲ್ಲಿ ‘ಕಣ್ದೆರೆದ’ದ್ದು ಬಹಳ ಹಿಡಿಸಿತು, ಎಲೆಯಡಿಯ ಬೆಳ್ಳಿಬಣ್ಣವನ್ನು ಮುಡಿಸಿದ್ದೂ ಸರಿಯಾಗಿದೆ. ಆದರೂ ಒಂದು ಆಕ್ಷೇಪವಿದೆ: ಯಾವ ಮೊಗ್ಗೂ ಒಂದು ರಾತ್ರಿಯಲ್ಲಿ ಒಡೆದು ಎಲೆ ಮುಡಿಯುವುದಿಲ್ಲ. ನಾನು ವರದ ಮರೆ ಹೊಕ್ಕು ಪಾರಾದೆ. ವರವನ್ನು ಒಲ್ಲೆನೆಂದ ತಾವು ‘ಮರುದಿನ’ಕ್ಕೆ ಉತ್ತರ ಕೊಡಬೇಕಾಗುತ್ತದೆ. ಭಾನುವಾರದವರೆಗೆ ಕಾಯುತ್ತೇನೆ.