ಈ ವಾರದ ಸಮಸ್ಯೆ: ತಂದೆಯನು ನುಂಗಿರ್ದ ನೀರೇ ತಂದುದೈ ವಧುವ

ಸಮಸ್ಯೆ ಕೊಟ್ಟವರು:

ಈ ಸಲ ಭಾಮಿನಿ ಷಟ್ಪದಿ, ಆರು ಪಾದದ ಪದ್ಯ. ಕೊಟ್ಟಿರುವುದು ಕೊನೆಯ ಪಾದ, ಮೇಲಿನ ಐದನ್ನು ಕಟ್ಟಿ ಅದಕ್ಕೆ ಅರ್ಥ ಕೂಡಿಸುವುದು, ಅಂದರೆ ಪೂರಣ, ನಿಮ್ಮದು.

ತಂದೆಯನು ನುಂಗಿರ್ದ ನೀರೇ ತಂದುದೈ ವಧುವ

ಪ್ರಾಸ ಬಿಂದು ಸೇರಿದ ದಕಾರ. ಹೆದರಬೇಡಿ, ಬಂದು, ನಿಂದು, ಸಂದು, ನೊಂದು ಎಲ್ಲ ಮನೆಯಲ್ಲೇ ಬಿದ್ದಿವೆ. ಒಂದೇ ಷರತ್ತು, ಪುರಾಣ ಬೇಡ. ಹೋದ ಸಲ ಅರ್ಧ ಜನ ಶಿವನ ಜಟೆಯೊಳಗೆ, ಉಳಿದರ್ಧ ಕೃಷ್ಣನ ಕೊಳಲೊಳಗೆ ಹೋಗಿ ಬಚ್ಚಿಟ್ಟುಕೊಂಡಿರಿ. ಹಿರಿಯರು ಕೂತು ಗೊತ್ತುಮಾಡಿದ ಮದುವೆ ಬೇಕು, ಅದೂ ಶಾಸನಗಳ ಕಾಲದ್ದು. ಕೀಲಕ, ಅಂದರೆ ಒಗಟು ಬಿಡಿಸುವ ಕೀಲಿ, ನಾನು ಹೇಳುವುದಿಲ್ಲ.

ಹೊಸಬ:

ಗುರುಗಳೇ, ಷಟ್ಪದಿಗೆ ಕೈ ಹಾಕಿದ್ದು ಇದೇ ಮೊದಲು. ಬೆಳಗಿನಿಂದ ಆಗಿರುವುದು ಒಂದೇ ಸಾಲು: "ಚೆಂದದ ಮದುಮಗಳು ಬಂದಳು". ಹಾಡಿದರೆ ನಡುವೆ ಎಲ್ಲೋ ಎಡವುತ್ತದೆ. ಎಲ್ಲಿ ಅಂತ ಗೊತ್ತಾಗುತ್ತಿಲ್ಲ.

ಸಮಸ್ಯೆ ಕೊಟ್ಟವರು:

ಬೆರಳು ಮಡಚಿ ಮಾತ್ರೆ ಎಣಿಸಿ, ಮೂರು ನಾಲ್ಕರ ಗುಂಪಾಗಿ ಬರಬೇಕು. ಚೆಂದ, ಮೂರು. ದಮದುಮ, ನಾಲ್ಕು. ಆಮೇಲೆ "ಗಳು" ಎರಡೇ ಮಾತ್ರೆ, ಮೂರನೆಯದಕ್ಕೆ "ಬಂ" ಅನ್ನು ಅರ್ಧ ಸೀಳಬೇಕು, ಸೀಳಲು ಬರುವುದಿಲ್ಲ. ಒಟ್ಟು ಹದಿಮೂರೇ ಬಂತು, ಹದಿನಾಲ್ಕು ಬೇಕು. "ಚೆಂದ ಮದುಮಗಳಾಗಿ ಬಂದಳು" ಎನ್ನಿ. ಮೂರು ನಾಲ್ಕು ಮೂರು ನಾಲ್ಕು, ಎತ್ತಿನ ಗಾಡಿಯ ಹಾಗೆ ಹೋಗುತ್ತದೆ. ಆದರೆ ಬಂದವಳು ಯಾರು, ಎಲ್ಲಿಗೆ? ಅದನ್ನು ಹುಡುಕಿ.

ಧಾರವಾಡದಿಂದ:

ಕೀಲಕ ಸಿಕ್ತು ನೋಡ್ರಿ ಗುರುಗಳ. ಮೊದ್ಲ ಪದ್ಯ, ಆಮ್ಯಾಲೆ ಮಾತು.

ಬೆಂದು ತಾಪದೊಳಂದು ಹೊಳೆಯೊಳು
ನಿಂದು ಕೊರಳಿನವರೆಗೆ ಶಿವನನು
ಹೊಂದಿದನು ಕುರುವತ್ತಿಯಲಿ ಕಲ್ಯಾಣಪುರದೊಡೆಯ
ಮುಂದೆ ಹಗೆತನ ಮರೆತು ಚೋಳನು
ಬಂದು ತಡಿಯಲಿ ಧಾರೆಯೆರೆಯಲು
ತಂದೆಯನು ನುಂಗಿರ್ದ ನೀರೇ ತಂದುದೈ ವಧುವ

ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರ, ಅಂದ್ರ ಆಹವಮಲ್ಲ, ಜ್ವರ ಇಳೀಲಾರದ್ದಕ್ಕ 1068ರಾಗ ಕುರುವತ್ತಿಯೊಳಗ ತುಂಗಭದ್ರೆಗೆ ಇಳದು ಜೀವಾ ಬಿಟ್ಟ. ಅವನ ಮಗ ಆರನೇ ವಿಕ್ರಮಾದಿತ್ಯ. ಅಪ್ಪ ಹೋದಮ್ಯಾಲೆ ಅಣ್ಣ ಇಮ್ಮಡಿ ಸೋಮೇಶ್ವರನ ಕೂಡ ಕೂಡಿಬರಲಿಲ್ಲ, ಕಲ್ಯಾಣ ಬಿಟ್ಟು ತೆಂಕಣಕ್ಕ ಬಂದ. ಆಗ ಚೋಳರ ವೀರರಾಜೇಂದ್ರ ದೂತನ್ನ ಕಳಿಸಿ, ಮಗಳನ್ನ ಕೊಡ್ತೀನಿ ಅಂದ. ತುಂಗಭದ್ರೆ ದಂಡಿಮ್ಯಾಲೆ ಸಂಬಂಧ ಕುದುರ್ತು ಅಂತ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ವಿಕ್ರಮಾಂಕದೇವಚರಿತದಾಗ ಬರೀತಾನ. ಅಪ್ಪನ್ನ ಒಯ್ದ ಹೊಳಿ, ಧಾರೆಗೆ ಎರದ ನೀರೂ ಅದ ಹೊಳೀದು. ನನ್ನ ಕೀಲಕ ಇಷ್ಟ.

ಇನ್ನೊಂದು ಗಮ್ಮತ್ತದ. ಬಿಲ್ಹಣನ್ನ ಓದಿದ್ರ ಚೋಳನ ತಾನಾಗಿ ಹೆಣ್ಣು ಹೊತಗೊಂಡು ಬಂದ. ಚೋಳರ ಶಾಸನಾ ಓದಿದ್ರ ಚಾಲುಕ್ಯ ವಿಕ್ರಮನ ಬಂದು ಕಾಲು ಹಿಡದ, ವೀರರಾಜೇಂದ್ರ ಅವನ ಕೊರಳಿಗೆ ಕಂಠಿಕೆ, ಅಂದ್ರ ಪಟ್ಟದ ಹಾರ, ಕಟ್ಟಿ ರಟ್ಟಪಾಡಿ 7½ ಲಕ್ಷ, ಅಂದ್ರ ಚಾಲುಕ್ಯರ ನಾಡನ್ನ, ಕೊಟ್ಟ! ಬೀಗರಿಬ್ಬರೂ ತಾವ ಮ್ಯಾಲೆ ಅಂತಾರ. ಅದಕ್ಕೂ ಒಂದು ಷಟ್ಪದಿ ಹಚ್ಚಿದ್ದೆ:

ಬಂದು ಬಿದ್ದನು ಕಾಲಿಗೆಂಬರು
ತಂದು ಕೊಟ್ಟೆವು ಪಟ್ಟವೆಂಬರು

ಮುಂದ ಹೊಳೀಲಿಲ್ಲ, ಬಿಟ್ಟೆ.

ಸಮಸ್ಯೆ ಕೊಟ್ಟವರು:

ಭೇಷ್! ನನ್ನ ಮನಸ್ಸಿನಲ್ಲಿದ್ದುದೂ ಇದೇ ಮದುವೆ. ಕಲ್ಯಾಣಪುರದೊಡೆಯ ಎಂದು ಮೂರನೇ ಪಾದ ಮುಗಿಸಿದ್ದು ಸಲೀಸಾಗಿದೆ. ಒಂದೇ ತಕರಾರು. ಚೋಳ ಬಂದು ಧಾರೆ ಎರೆದ, ಸರಿ, ಯಾರನ್ನು ಎರೆದ? ಐದು ಪಾದದಲ್ಲಿ ಎಲ್ಲಿಯೂ ಮಗಳೇ ಇಲ್ಲವಲ್ಲ ರಾಯರೇ. ಅಪ್ಪ ಇದ್ದಾನೆ, ಮಾವ ಇದ್ದಾನೆ, ಹಗೆತನ ಇದೆ, ಶಿವನೂ ಇದ್ದಾನೆ.

ಧಾರವಾಡದಿಂದ:

ತಪ್ಪಾತ್ರಿ. ಆದ್ರ ನನ್ನೊಬ್ಬನ ತಪ್ಪಲ್ಲ. ಬಿಲ್ಹಣನೂ ಆಕೀ ಹೆಸರು ಹೇಳಿಲ್ಲ.

ದಾವಣಗೆರೆಯ ಅಕ್ಕ:

ಅದೇ ನನಗೂ ಚುಚ್ಚಿದ್ದು. ಬಿಲ್ಹಣನದು ಹದಿನೆಂಟು ಸರ್ಗದ ಕಾವ್ಯ. ವಿಕ್ರಮನ ಇನ್ನೊಬ್ಬ ರಾಣಿ, ಕರಹಾಟದ ಶಿಲಾಹಾರರ ಚಂದಲದೇವಿ ಬಂದಾಗ ಅವಳ ಅಂದಚೆಂದ ವರ್ಣಿಸುವುದಕ್ಕೇ ಇಡೀ ಎಂಟನೇ ಸರ್ಗ, ಸ್ವಯಂವರಕ್ಕೆ ಒಂಬತ್ತನೆಯದು, ಆಮೇಲೆ ವಸಂತ, ಜಲಕ್ರೀಡೆ. ಈ ಚೋಳರ ಹುಡುಗಿ ಮಾತ್ರ ಸಂಧಾನದ ಕಾಗದಕ್ಕೆ ಒತ್ತಿದ ಮುದ್ರೆ. ಅವಳ ಪಾಡು ನೋಡಿ: 1070ರಲ್ಲಿ ಅಪ್ಪ ತೀರಿಕೊಂಡ. ಗಂಡ ದಂಡು ಕಟ್ಟಿಕೊಂಡು ಕಂಚಿಗೆ ಹೋಗಿ ಅವಳ ಒಡಹುಟ್ಟಿದ ಅಧಿರಾಜೇಂದ್ರನನ್ನು ಪಟ್ಟಕ್ಕೆ ಕೂರಿಸಿ, ಗಂಗೈಕೊಂಡಚೋಳಪುರದಲ್ಲಿ ಒಂದು ತಿಂಗಳಿದ್ದು ಬಂದ. ಅವನು ತಿರುಗಿ ಬಂದ ಕೆಲವೇ ದಿನಕ್ಕೆ ಒಡಹುಟ್ಟಿದವನೂ ದಂಗೆಯಲ್ಲಿ ಹೋದ. ಗದ್ದುಗೆ ವೆಂಗಿಯ ಪೂರ್ವ ಚಾಲುಕ್ಯ ರಾಜಿಗನದಾಯಿತು, ಅವನೇ ಮುಂದೆ ಚೋಳ ದೊರೆ ಕುಲೋತ್ತುಂಗ. ಯಾವ ಒಪ್ಪಂದಕ್ಕೆಂದು ಅವಳನ್ನು ಕೊಟ್ಟರೋ ಅದೇ ಉಳಿಯಲಿಲ್ಲ, ಅವಳು ಇಲ್ಲೇ ಉಳಿದಳು. ತೌರು ಅಂತ ಹೋಗುವುದಾದರೂ ಯಾರ ಮನೆಗೆ?

ಕುರುವತ್ತಿಗೆ ನಾನು ಹೋಗಿದ್ದು ಬೇಸಿಗೆಯಲ್ಲಿ. ಮಲ್ಲಿಕಾರ್ಜುನನ ಗುಡಿಯ ಮದನಿಕೆಯರನ್ನು ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿತ್ತು. ಆಮೇಲೆ ಹೊಳೆಗಿಳಿದು ಮುಖ ತೊಳೆಯುವಾಗ ಬೊಗಸೆಯ ನೀರು ಮುಖದ ಹತ್ತಿರ ತಂದವಳು ಒಂದು ಗಳಿಗೆ ಹಾಗೇ ನಿಂತೆ. ಪದ್ಯ ಅಲ್ಲಿಂದ ಬಂತು. ಮಾತಾಡುವವಳು ಮದುಮಗಳೇ.

ಹಿಂದೆ ಕಾವೇರಿಯನು ಬಿಟ್ಟೆನು
ಮುಂದೆ ತಿಳಿಯದ ನುಡಿಯ ಮಂದಿಯು
ಒಂದು ಬೊಗಸೆಯ ಮೊಗೆಯಲೆನ್ನಯ ಕೈಯು ನಡುಗಿದುದು
ಎಂದಳಾಗಲೆ ದಾದಿ ಮೆಲ್ಲನೆ
"ಸಂದನಿಲ್ಲಿಯೆ ಮಾವ, ನೋಡೌ,
ತಂದೆಯನು ನುಂಗಿರ್ದ ನೀರೇ ತಂದುದೌ ವಧುವ"

ಹೊಸಬ:

ಅಕ್ಕಾ, ಎರಡು ಸಲ ಓದಿದೆ. ಒಂದು ಅನುಮಾನ. ಕೊಟ್ಟ ಪಾದದಲ್ಲಿ "ತಂದುದೈ" ಇತ್ತು, ನಿಮ್ಮಲ್ಲಿ "ತಂದುದೌ" ಆಗಿದೆ. ಟೈಪಿಸುವಾಗ ತಪ್ಪಿತೇ?

ದಾವಣಗೆರೆಯ ಅಕ್ಕ:

ತಪ್ಪಲ್ಲಪ್ಪ, ಬೇಕೆಂದೇ ಬರೆದದ್ದು. ಐ ಎಂದರೆ ಅಯ್ಯ, ಗಂಡಸನ್ನು ಕರೆಯುವುದು. ಔ ಎಂದರೆ ಅವ್ವ. ಎತ್ತಿ ಆಡಿಸಿದ ದಾದಿ ಮದುಮಗಳ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಾಳೆ, "ತಂದುದಯ್ಯಾ" ಅನ್ನುತ್ತಾಳೆಯೇ?

ಧಾರವಾಡದಿಂದ:

ಅಕ್ಕಾರ, ಪದ್ಯ ಚೊಲೋ ಅದ, ನನ್ನ ಪದ್ಯ ಅದರ ಮುಂದ ಸಪ್ಪಗಾತು. ಆದ್ರ ಸಮಸ್ಯಾಪಾದ ಮುಟ್ಟೂ ಹಂಗಿಲ್ಲ. ಒಂದು ಸ್ವರ ಅಂತ ಬಿಟ್ರ ನಾಳೆ ಒಬ್ಬರು ಪದಾನ ತಿದ್ದತಾರ.

ಸಮಸ್ಯೆ ಕೊಟ್ಟವರು:

ನಿಯಮ ಅವರು ಹೇಳಿದ ಹಾಗೆಯೇ, ಪಾದವನ್ನು ತಿದ್ದಿದರೆ ಅದು ಪೂರಣವಲ್ಲ. ಅಕ್ಕಾ, "ದಾದಿ" ತೆಗೆದು ಬೇರೆ ಯಾರನ್ನಾದರೂ ಹಾಕಬಹುದಿತ್ತು. ದೂತನೊಬ್ಬ ಅರಸನಿಗೆ ಹೇಳಿದ ಎಂದರೆ ಐಕಾರ ಕೂರುತ್ತದೆ, ಮಾತ್ರೆಯೂ ಕೆಡದು. ಇನ್ನೊಂದು, ದಾದಿ ಹೇಳುವುದು ನಾಲ್ಕನೇ ಪಾದದಲ್ಲಿ, ಕೈ ನಡುಗಿದ್ದು ಮೂರನೆಯದರಲ್ಲಿ. ಕಾರಣಕ್ಕಿಂತ ಮೊದಲೇ ಕಾರ್ಯ?

ದಾವಣಗೆರೆಯ ಅಕ್ಕ:

ದೂತನನ್ನು ತಂದರೆ ಮತ್ತೆ ಇಬ್ಬರು ಗಂಡಸರ ನಡುವಿನ ಮಾತೇ ಆಯಿತು, ಅವಳು ದಡದಲ್ಲೇ ನಿಂತಳು. ಬೇಡ. ಇನ್ನು ಕೈ ನಡುಗಿದ್ದಕ್ಕೆ: ಗುರುಗಳೇ, ಕಂಡರಿಯದ ಊರಲ್ಲಿ, ಕಂಡರಿಯದ ಗಂಡನ ಮುಂದೆ ನಿಂತ ಹುಡುಗಿಗೆ ಕೈ ನಡುಗಲು ದಾದಿ ಬಂದು ಕಾರಣ ಹೇಳಬೇಕೇ?

ಹೊಸಬ:

ಇದಕ್ಕೆ ಅಲಂಕಾರ ಯಾವುದು ಗುರುಗಳೇ?

ಸಮಸ್ಯೆ ಕೊಟ್ಟವರು:

ಅಲಂಕಾರ ಇರಲಿ, ನನ್ನ ತಕರಾರು ವಾಪಸು ತೆಗೆದುಕೊಂಡೆ. ಪೂರಣಗಳ ಪಟ್ಟಿಯಲ್ಲಿ ಈ ವಾರ ಧಾರವಾಡದ್ದೇ. ಅಕ್ಕನ ಪದ್ಯ ಪಟ್ಟಿಯ ಹೊರಗೆ, ಆದರೆ ಪಟ್ಟಿಗಿಂತ ಮೇಲೆ ಹಾಕುತ್ತೇನೆ. ನಿಜ ಹೇಳಬೇಕೆಂದರೆ ಆ ಪಾದ ಕಟ್ಟುವಾಗ ಗಣ ತುಂಬಲು ಒಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಬೇಕಿತ್ತು, ಕೈಗೆ ಸಿಕ್ಕಿದ್ದು ಐ, ಹಾಕಿದೆ. ಯಾರನ್ನು ಕರೆಯುತ್ತಿದ್ದೇನೆಂದು ನೋಡಲಿಲ್ಲ.

ಮುಂದಿನ ವಾರ ಕಂದಪದ್ಯ. ಹೊಸಬರೇ, ಆ ಚೆಂದದ ಮದುಮಗಳನ್ನು ದಡ ಸೇರಿಸಿ, ಇನ್ನೂ ನಾಲ್ಕು ಪಾದ ಬಾಕಿ ಇವೆ.